ಈಶಣ್ಣ ಮತ್ತು ಬಿರುಕು ಬಿಟ್ಟ ಅಚ್ಚು

ಅಜ್ಜಿಯ ಕಾಸಿನ ಸರದ ಕೊಂಡಿ ಕಿತ್ತುಹೋಗಿತ್ತು, ಅಷ್ಟೇ. ಹತ್ತು ನಿಮಿಷದ ಕೆಲಸ. ಎಡಿಸನ್ನಿನ ಓಕ್ ಟ್ರೀ ರೋಡಿನ ಒಡವೆ ಅಂಗಡಿಯಲ್ಲಿ ಸರ ಕೊಟ್ಟು, ಪಕ್ಕದಲ್ಲಿ ತರಕಾರಿ ಮುಗಿಸಿಕೊಂಡು ಬಂದು ನೋಡಿದರೆ, ಪರದೆಯ ಹಿಂದಿನ ಮೋಟು ಮೇಜಿಗೆ ಕುಳಿತಿದ್ದ ವಯಸ್ಸಾದವರು ಕೊಂಡಿಯನ್ನು ಮುಟ್ಟಿಯೇ ಇರಲಿಲ್ಲ. ಒಂದು ಕಣ್ಣಿಗೆ ಭೂತಕನ್ನಡಿ ಸಿಕ್ಕಿಸಿಕೊಂಡು, ಒಂದೊಂದೇ ಕಾಸನ್ನು ದೀಪಕ್ಕೆ ಹಿಡಿದು ತಿರುಗಿಸುತ್ತ ತಮ್ಮಷ್ಟಕ್ಕೆ ತಾವೇ ನಗುತ್ತಿದ್ದರು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮನೆಯವರೂ ಆಫೀಸಿನವರೂ ಎಂದೋ ಒಪ್ಪಿಕೊಂಡಿದ್ದಾರೆ.

"ಏನಾದ್ರೂ ತೊಂದರೆ ಇದ್ಯಾ?" ಎಂದೆ, ತೊಂದರೆ ಮಾಡುವ ದನಿಯಲ್ಲೇ.

"ತೊಂದ್ರೆ ಏನಿಲ್ಲ ತಾಯಿ. ಇದನ್ನ ಮಾಡ್ದಾಗ ಅಚ್ಚು ಸೀಳಿಬುಟ್ಟದೆ. ಹದಿನೇಳನೇ ಕಾಸಲ್ಲಿ ಲಕ್ಷ್ಮಿ ಭುಜದ ಮೇಲೆ ಕೂದಲಷ್ಟು ಗೆರೆ. ಇಪ್ಪತ್ತನೇದ್ರಲ್ಲಿ ಅಕ್ಕಿಕಾಳಷ್ಟು. ಕೊನೇದ್ರಲ್ಲಿ ನೋಡಿ, ಕಿವಿಗಂಟ ಬಂದುಬುಟ್ಟದೆ! ಪಾಪ, ಅವತ್ತು ಅವ್ನಿಗೆ ಎಷ್ಟು ಅವಸರ ಇತ್ತೋ ಏನೋ."

ನಾನು ಹುಟ್ಟಿದಾಗಿನಿಂದ ನೋಡಿದ ಸರ. ಆ ಗೆರೆಯನ್ನು ಒಂದು ದಿನವೂ ಕಂಡಿರಲಿಲ್ಲ. ಭೂತಕನ್ನಡಿಯಲ್ಲಿ ಬಗ್ಗಿ ನೋಡಿದೆ. ಇತ್ತು! ಕಾಸಿನಿಂದ ಕಾಸಿಗೆ ಬೆಳೆಯುತ್ತ ಹೋಗಿತ್ತು. ಅಜ್ಜಿಯ ಮದುವೆಗೆ ಮುಂಚೆ, ಯಾವುದೋ ಒಂದು ಮಧ್ಯಾಹ್ನ, ಯಾರೋ ಅಕ್ಕಸಾಲಿ ಎರಡು ಉಕ್ಕಿನ ಅಚ್ಚುಗಳ ನಡುವೆ ಚಿನ್ನದ ಬಿಲ್ಲೆ ಇಟ್ಟು ಸುತ್ತಿಗೆ ಬೀಸಿದ್ದ. ಅಚ್ಚು ಬಿರುಕು ಬಿಟ್ಟಿತ್ತು. ಬಿರುಕಿದ್ದ ಕಡೆಯಲ್ಲೆಲ್ಲ ಕಾಸಿನ ಮೇಲೆ ಉಬ್ಬಿದ ಗೆರೆ ಬಿದ್ದಿತ್ತು. ಪ್ರತಿ ಏಟಿಗೂ ಬಿರುಕು ಇಷ್ಟಿಷ್ಟೇ ಉದ್ದವಾಗಿತ್ತು. ನನ್ನ ಸಿಟ್ಟು ಎಲ್ಲಿಗೆ ಹೋಯಿತೋ ಗೊತ್ತಿಲ್ಲ, ಅಲ್ಲೇ ಸ್ಟೂಲು ಎಳೆದುಕೊಂಡು ಕುಳಿತೆ. ಬಾಗಿಲಲ್ಲಿ ಇಟ್ಟಿದ್ದ ಕೊತ್ತಂಬರಿ ಸೊಪ್ಪು ಬಾಡಿತು.

ಈಶಣ್ಣಾಚಾರ್ ಪರಿಚಯವಾದದ್ದು ಹೀಗೆ. ಎಲ್ಲರಿಗೂ ಈಶಣ್ಣ. ವಯಸ್ಸು ಅರವತ್ತಾರು. ನಂಜನಗೂಡಿನವರು. ಅವರ ತಂದೆ ಒಡವೆ ಮಾಡುವುದಕ್ಕಿಂತ ಹೆಚ್ಚಾಗಿ ಒಡವೆಯ ಅಚ್ಚು ಕೊರೆಯುವವರು. ಕಾಸು, ತಾಳಿಬೊಟ್ಟು, ಪದಕ ಎಲ್ಲದಕ್ಕೂ ಸುತ್ತಮುತ್ತಲ ಅಕ್ಕಸಾಲಿಗರು ಅವರ ಅಚ್ಚನ್ನೇ ಒಯ್ಯುತ್ತಿದ್ದರಂತೆ. ನ್ಯೂಅರ್ಕಿನಲ್ಲಿ ನರ್ಸ್ ಆಗಿದ್ದ ಅಕ್ಕ ಹಾಕಿದ ಅರ್ಜಿ ಹದಿಮೂರು ವರ್ಷ ಸರ್ಕಾರದ ಕಡತದಲ್ಲಿ ಮಲಗಿ ಎದ್ದು, ಈಶಣ್ಣ ಮತ್ತು ಅವರ ಹೆಂಡತಿ ಚಿಕ್ಕತಾಯಮ್ಮ ಗ್ರೀನ್ ಕಾರ್ಡ್ ಹಿಡಿದು ವಿಮಾನ ಇಳಿದಾಗ ಈಶಣ್ಣನಿಗೆ ನಲವತ್ತನಾಲ್ಕು. ಅಂದಿನಿಂದ ಇದೇ ಮೇಜು. ಇಂಗ್ಲಿಷು ಮೂರು ಮಾತು: ಗುಡ್, ನೋ ಗುಡ್, ಟುಮಾರೋ ರೆಡಿ. ಮೂರನೆಯದು ಯಾವತ್ತೂ ನಿಜವಾಗಿಲ್ಲ.

ಎರಡನೆಯ ಸಲ ಹೋದಾಗ ಮೇಜಿನ ಡ್ರಾಯರು ಎಳೆದರು. ಒಳಗೆ ಹಸಿರು ಬಟ್ಟೆ ಹಾಸಿದ ತಟ್ಟೆ, ಮೂರು ಸಾಲು ಗುಳಿ, ಗುಳಿಗೊಂದು ಅಗಲವಾದ ನಾಣ್ಯ. ಕೆಲವು ಬಿಳಿ, ಕೆಲವು ಕಂದು, ಹೆಚ್ಚಿನವು ಎರಡರ ನಡುವೆ. ಒಂದು ಮುಖದಲ್ಲಿ ಸುಲ್ತಾನರ ಸಹಿಯ ಮಾದರಿಯಲ್ಲಿ ಬಳ್ಳಿಬಳ್ಳಿಯಾಗಿ ಹೆಣೆದ ಬರಹ. ಇನ್ನೊಂದು ಮುಖದಲ್ಲಿ ಅರಬಿಯಲ್ಲಿ ಊರಿನ ಹೆಸರು, ವರ್ಷ.

"ಯಾವ ದೇಶದ್ದು?" ಎಂದೆ.

"ಸುಡಾನು. ಮಹದಿ ಅಂತ ಒಬ್ರು ರಾಜ್ಯ ಕಟ್ಟಿದ್ರಂತೆ. ಹದಿಮೂರೇ ವರ್ಷ ಇದ್ದದ್ದು, ಆಮೇಲೆ ಇಂಗ್ಲಿಷ್ನೋರು ಬಂದು ಮುಗಿಸ್ಬುಟ್ರು."

ಮನೆಗೆ ಹೋಗಿ ಓದಿದೆ. ಸರಿಯಾಗಿಯೇ ಹೇಳಿದ್ದರು. 1885ರಲ್ಲಿ ಮಹದಿಯ ಸೈನ್ಯ ಖಾರ್ಟೂಮನ್ನು ಹಿಡಿಯಿತು. ಅದೇ ವರ್ಷ ಮಹದಿ ತೀರಿಕೊಂಡರು. ಅವರ ಉತ್ತರಾಧಿಕಾರಿ ಖಲೀಫ ನದಿಯಾಚೆಯ ಓಂದುರ್ಮಾನಿನಲ್ಲಿ ಕುಳಿತು 1898ರವರೆಗೆ ಆಳಿದರು. ಅಲ್ಲೇ ಟಂಕಸಾಲೆ. ಹೊರಗಿನಿಂದ ಬೆಳ್ಳಿ ಬರುವುದು ಕಡಿಮೆಯಾದಂತೆ ನಾಣ್ಯದಲ್ಲಿ ತಾಮ್ರ ಹೆಚ್ಚಿತು. ಕೊನೆಕೊನೆಗೆ ತಾಮ್ರದ ಬಿಲ್ಲೆಗೆ ಬೆಳ್ಳಿಯ ತೆಳುಲೇಪ, ಅಷ್ಟೇ. ಸರ್ಕಾರ ಮಾತ್ರ ಅದನ್ನು ಬೆಳ್ಳಿ ಎಂದೇ ತೆಗೆದುಕೊಳ್ಳಿ ಎನ್ನುತ್ತಿತ್ತು.

ಈಶಣ್ಣನ ಕೈಗೆ ಮೊದಲನೆಯದು ಬಂದದ್ದು ಹದಿನಾಲ್ಕು ವರ್ಷದ ಹಿಂದೆ, ಯಾರೋ ಮಾರಿದ ಮುರುಕು ಬೆಳ್ಳಿಯ ರಾಶಿಯಲ್ಲಿ, ಕಾಲುಗೆಜ್ಜೆ ಚಮಚಗಳ ನಡುವೆ. ಒರೆಗಲ್ಲಿಗೆ ಉಜ್ಜಿದರೆ ಮೊದಲು ಬಿಳಿ, ಆಮೇಲೆ ಕೆಂಪು. ಅಂಗಡಿಯ ಗುಜರಾತಿ ಮಾಲೀಕರು ಬಿಸಾಡು ಎಂದರು. ಬಿಸಾಡುವ ಮೊದಲು ಈಶಣ್ಣ ಸುಮ್ಮನೆ ಭೂತಕನ್ನಡಿ ಹಿಡಿದರು. ಆ ಅಚ್ಚು ಕೊರೆದವನು ಯಾರೆಂದು ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ. ಈಶಣ್ಣನಿಗೆ ಅವತ್ತೇ ಗೊತ್ತಾಯಿತಂತೆ.

"ಅಕ್ಕಸಾಲಿ ಕಣಮ್ಮ ಅವ್ನು! ನಾಣ್ಯ ಮಾಡೋನಲ್ಲ. ರಾಜ ಕರೆಸಿ ಕೂರಿಸವ್ನೆ, ಪಾಪ. ಬಳ್ಳಿ ತಿರುವಿರೋದು ನೋಡಿ. ಬಳೆ ಮೇಲೆ ತಿರುವೋ ಕೈ ಅದು. ಎಡಗೈ ಬ್ಯಾರೆ."

ಆಮೇಲೆ ಬಿಡಲಿಲ್ಲ. ನಾಣ್ಯದ ಸಂತೆಗಳಿಗೆ ಅಲೆದರು. ಯಾರಿಗೂ ಬೇಡವಾದ, ಸವೆದ, ಲೇಪ ಕಿತ್ತ ನಾಣ್ಯಗಳನ್ನು ಆರಿಸಿದರು. ಸಾವಿರ ನೋಡಿ ಒಂದು ತೆಗೆದುಕೊಂಡರು, ಏಕೆಂದರೆ ಅವರಿಗೆ ಬೇಕಾಗಿದ್ದದ್ದು ಸಹಿಯ ಮುಖದ ಮೂರೇ ಮೂರು ಅಚ್ಚಿನಿಂದ ಬಿದ್ದ ನಾಣ್ಯಗಳು. ಅಚ್ಚಿಗೊಂದು ಸಾಲು. ಸಾಲಿನೊಳಗೆ ಬಿರುಕಿನ ಲೆಕ್ಕ: ಚಿಕ್ಕ ಬಿರುಕು ಮೊದಲು, ದೊಡ್ಡದು ಆಮೇಲೆ. ಒಟ್ಟು ಇಪ್ಪತ್ತಮೂರು. ಚಿಕ್ಕತಾಯಮ್ಮ ಅವನ್ನು ಸುಡಾನಿನ ಸವತಿಯರು ಎನ್ನುತ್ತಿದ್ದರು. "ಇಪ್ಪತ್ಮೂರು ಜನ ಅವ್ರೆ ಕಣಮ್ಮ ನಂಗೆ," ಎಂದು ನನ್ನ ಮುಂದೆ ಬೆರಳು ಮಡಿಚಿ ತೋರಿಸಿದ್ದರು.

ನನಗೆ ತಡೆಯಲಾಗದೆ ಇದ್ದದ್ದು ಒಂದೇ ವಿಷಯ. ಈ ಮನುಷ್ಯನಿಗೆ ಅರಬಿ ಅಂಕಿಗಳು ಬರುತ್ತಿರಲಿಲ್ಲ. ಯಾವ ನಾಣ್ಯ ಯಾವ ವರ್ಷದ್ದು ಎಂಬುದು ಗೊತ್ತಿರಲಿಲ್ಲ.

"ಹತ್ತು ಅಂಕಿ ಕಲಿಯೋಕೆ ಎಷ್ಟು ಹೊತ್ತು ಈಶಣ್ಣ? ನಾನು ಅರ್ಧ ಗಂಟೇಲಿ ಕಲಿಸ್ತೀನಿ."

"ಬ್ಯಾಡ ತಾಯಿ. ಕಲಿತ್ರೆ ಕಣ್ಣು ಅಂಕಿ ಮ್ಯಾಲೇ ಹೋಯ್ತದೆ. ಆಮೇಲೆ ಗೆರೆ ಕಾಣಾಕಿಲ್ಲ. ನಮ್ಮಪ್ಪ ಅಚ್ಚು ನೋಡೋದು ಕಲಿಸೋವಾಗ ತಲೆಕೆಳಗು ಮಾಡಿ ಕೈಗೆ ಕೊಡೋರು. ಇದು ಲಕ್ಷ್ಮಿ ಅಂತ ಗೊತ್ತಾಗ್ಬಾರ್ದು, ಬರೀ ಗೆರೆ ಕಾಣ್ಬೇಕು ಅಂತ."

ಇಂಥ ಮನುಷ್ಯನ ಮೇಲೆ ಖೋಟಾ ನಾಣ್ಯದ ಅನುಮಾನ ಬಂತು.

ಆದದ್ದು ಹೀಗೆ. ಮ್ಯಾನ್‌ಹಟನ್ನಿನಲ್ಲಿ ನಾಣ್ಯಪ್ರಿಯರ ಒಂದು ಹಳೆಯ ಕೂಟವಿದೆ. ಅಂಗಡಿ ಮಾಲೀಕರ ಸೋದರಳಿಯ ಕುನಾಲ್ ಕಳೆದ ವರ್ಷ ಈಶಣ್ಣನನ್ನು ಅಲ್ಲಿಗೆ ಕರೆದೊಯ್ದು ಸದಸ್ಯರನ್ನಾಗಿ ಮಾಡಿಸಿದ. ಅಲ್ಲಿ ಇಸ್ಲಾಮಿ ನಾಣ್ಯಗಳ ಪರಿಣತರು ಕೆಸ್ಲರ್ ಎಂಬವರು. ಅವರು ತಟ್ಟೆಯನ್ನು ನೋಡಿ ತುಂಬ ಮೆಚ್ಚಿಕೊಂಡು, ಮೂರನೆಯ ಸಾಲಿನ ಐದನೆಯ ನಾಣ್ಯಕ್ಕೆ ಬಂದಾಗ ನಿಂತರು. ವರ್ಷ ತಪ್ಪಾಗಿದೆ, ಇಂಥ ನಾಣ್ಯ ಇರಲು ಸಾಧ್ಯವಿಲ್ಲ ಎಂದರು. ಕುನಾಲ್ ಅದನ್ನು ಹಿಂದಿಯಲ್ಲಿ ಅರ್ಧಂಬರ್ಧ ಹೇಳಿದ. ಈಶಣ್ಣ "ನೋ ನೋ, ಗುಡ್, ಗುಡ್" ಎಂದರು. ಆಗ ಕೆಸ್ಲರ್ ಕುನಾಲನ ಮೂಲಕ ಕೇಳಿದರಂತೆ: "ನೀವೇ ಅಚ್ಚು ಕೊರೆಯಬಲ್ಲಿರಾ?" ಈಶಣ್ಣನಿಗೆ ಎಷ್ಟೋ ವರ್ಷದ ಮೇಲೆ ಯಾರೋ ತಮ್ಮ ಕಸುಬಿನ ಬಗ್ಗೆ ಕೇಳಿದ್ದೇ ಹಿಗ್ಗು. ಎದೆ ತಟ್ಟಿಕೊಂಡು "ಯೆಸ್! ಫಸ್ಟ್ ಕ್ಲಾಸ್!" ಎಂದುಬಿಟ್ಟರು.

ಅಲ್ಲಿಗೆ ಮುಗಿಯಿತು. ಆ ನಾಣ್ಯವನ್ನು ಕೆಸ್ಲರ್ ಒಂದು ಲಕೋಟೆಗೆ ಹಾಕಿ, ಮೇಲೆ ಪೆನ್ಸಿಲಿನಲ್ಲಿ ಖೋಟಾ ಎಂದು ಇಂಗ್ಲಿಷಿನಲ್ಲಿ ಬರೆದು ಕೊಟ್ಟರು. ಈ ವರ್ಷ ಸದಸ್ಯರ ಪ್ರದರ್ಶನಕ್ಕೆ ಈಶಣ್ಣ ಅರ್ಜಿ ಹಾಕಿದಾಗ ಕಾರ್ಯದರ್ಶಿಯಿಂದ ಇಮೇಲ್ ಬಂತು. ಅದನ್ನು ಓದಿ ಹೇಳಿ ಎಂದು ನನ್ನ ಹತ್ತಿರ ತಂದರು. ತಟ್ಟೆಯನ್ನು ಇಡಬಹುದು, ಆ ಒಂದು ನಾಣ್ಯವನ್ನು ತೆಗೆದರೆ. ಪ್ರದರ್ಶಕರ ವೃತ್ತಿಯನ್ನು ಗಮನಿಸಿ ಕೂಟ ಈ ಎಚ್ಚರ ವಹಿಸಿದೆ.

'ವೃತ್ತಿಯನ್ನು ಗಮನಿಸಿ' ಎಂಬುದನ್ನು ನಾನು ಅನುವಾದಿಸಲಿಲ್ಲ. ಮುಖ ನೋಡಿಯೇ ಅವರಿಗೆ ಗೊತ್ತಾಯಿತು.

"ಅಕ್ಕಸಾಲಿ ಅಲ್ವಾ, ಅಂತವ್ರೆ," ಎಂದರು. "ಊರಲ್ಲೂ ಅಂತಿದ್ರು. ಚಿನ್ನ ಕೊಟ್ಟು ಎದುರ್ಗೇ ಕೂತಿರೋರು, ಕಣ್ಣು ಮಿಟುಕಿಸ್ದೆ. ನಮ್ಮಪ್ಪ ಸಾಯೋಗಂಟ ಒಂದು ಗುಲಗಂಜಿ ತೂಕ ಮುಟ್ಟಲಿಲ್ಲ. ಆದ್ರೂ ಎದುರ್ಗೇ ಕೂತಿರೋರು. ಇಲ್ಲಿಗೆ ಬಂದ್ಮೇಲೆ ಅದು ತಪ್ತು ಅನ್ಕಂಡಿದ್ದೆ."

ನನ್ನ ಮೈಯೆಲ್ಲ ಉರಿಯಿತು. ಅಲ್ಲೇ ಕುಳಿತು ಕಾರ್ಯದರ್ಶಿಗೆ ಒಂದು ಉತ್ತರ ಕುಟ್ಟಿದೆ, ಮೂರು ಸಲ ಸೌಮ್ಯಗೊಳಿಸಿ ಕಳಿಸಿದೆ. ಮರುದಿನ ಜವಾಬು ಬಂತು. ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಹತ್ತು ನಿಮಿಷ ಕೊಡುತ್ತೇವೆ. ನಾಣ್ಯ ಸಾಚಾ ಎಂದು ತೋರಿಸಿದರೆ ಇಡೀ ತಟ್ಟೆ ಪ್ರದರ್ಶನಕ್ಕೆ, ಇಲ್ಲವಾದರೆ ತಟ್ಟೆ ಮನೆಗೆ.

"ಒಂದು ನಾಣ್ಯ ತೆಗೆದ್ಬಿಟ್ರೆ ಆಗಲ್ವಾ?" ಎಂದೆ, ಅವರ ಮನಸ್ಸು ನೋಡಲು.

"ತೆಗೆದ್ರೆ ಒಪ್ಪಿಕೊಂಡಂಗೆ," ಎಂದರು.

ಶುಕ್ರವಾರ ಸಂಜೆ ತಟ್ಟೆಯನ್ನು ನನ್ನ ಮನೆಗೆ ತಂದು ಕೊಟ್ಟರು. ಪ್ರತಿ ನಾಣ್ಯಕ್ಕೂ ಇಂಗ್ಲಿಷಿನಲ್ಲಿ ಚೀಟಿ ಬರೆಯುವುದು ನನ್ನ ಕೆಲಸ. ನಾನು ಪಾರ್ಸಿಪನಿಯ ವಿಮೆ ಕಂಪನಿಯೊಂದರಲ್ಲಿ ದಿನವಿಡೀ ಡೇಟಾ ಸರಿಮಾಡುವವಳು. ಅಡ್ಡಾದಿಡ್ಡಿ ಸಾಲು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಅರಬಿ ಅಂಕಿಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಪ್ರತಿ ನಾಣ್ಯದ ವರ್ಷ ಓದಿದೆ, ಪುಟ್ಟ ಬಿಳಿ ಚೀಟಿಯಲ್ಲಿ ಬರೆದೆ. ಹಿಜರಿ ಲೆಕ್ಕದಲ್ಲಿ 1304ರಿಂದ 1312ರವರೆಗೆ ಇದ್ದವು. ಆದರೆ ತಟ್ಟೆಯಲ್ಲಿ ಒಂದಕ್ಕೊಂದು ತಾಳಮೇಳವಿಲ್ಲ ಎನಿಸಿತು. ಮೂರೂ ಸಾಲು ತೆಗೆದು, ಎಲ್ಲವನ್ನೂ ವರ್ಷದ ಪ್ರಕಾರ ಜೋಡಿಸಿದೆ. ಲಕೋಟೆಯಲ್ಲಿದ್ದ ಆ ಒಂದನ್ನೂ ಅದರ ವರ್ಷಕ್ಕೆ ಸೇರಿಸಿದೆ. ಎಷ್ಟು ಚೆನ್ನಾಗಿ ಕಂಡಿತೆಂದರೆ ಟೀ ಮಾಡಿಕೊಂಡು ಬಂದು ಎರಡನೆಯ ಸಲ ನೋಡಿದೆ.

ಹಳೆಯ ಜೋಡಣೆಯ ಫೋಟೋ ತೆಗೆದೆನೇ? ಇಲ್ಲ. ಬ್ಯಾಕಪ್ ಇಲ್ಲದೆ ಡೇಟಾ ಮುಟ್ಟಬೇಡಿ ಎಂದು ಹನ್ನೊಂದು ವರ್ಷದಿಂದ ಆಫೀಸಿನ ಹುಡುಗರಿಗೆ ಬೈಯುತ್ತಿರುವವಳು ನಾನು.

ಶನಿವಾರ ಎಡಿಸನ್ ಸ್ಟೇಷನ್ನಿನಲ್ಲಿ ಹನ್ನೆರಡೂವರೆಯ ಸುಮಾರಿಗೆ ರೈಲು ಹತ್ತಿದೆವು. ಈಶಣ್ಣ ಕಂದು ಕೋಟು ಹಾಕಿಕೊಂಡು, ಹಣೆಗೆ ವಿಭೂತಿ ಎಳೆದುಕೊಂಡು ಬಂದಿದ್ದರು. ಎದುರುಬದುರು ಸೀಟು ಸಿಕ್ಕಿತು. ಮೆಟ್ರೊಪಾರ್ಕ್ ದಾಟಿದ ಮೇಲೆ ನಾನು ಹೆಮ್ಮೆಯಿಂದ ತಟ್ಟೆಯ ಮುಚ್ಚಳ ತೆಗೆದೆ.

ಅವರು ನೋಡಿದರು. ಕಣ್ಣು ಮೊದಲ ಸಾಲಿನಿಂದ ಮೂರನೆಯ ಸಾಲಿಗೆ ಹೋಯಿತು, ತಿರುಗಿ ಬಂತು.

"ಏನ್ಮಾಡ್ಬುಟ್ರಿ ತಾಯಿ," ಎಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಹದಿನಾಲ್ಕು ವರ್ಷ! ಎಲ್ಲೂ ಬರೆದಿಟ್ಟಿರಲಿಲ್ಲ, ತಟ್ಟೆಯೇ ಅವರ ಪುಸ್ತಕವಾಗಿತ್ತು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಕೈಯೆತ್ತಿ ತಡೆದು, ಚಿಕ್ಕತಾಯಮ್ಮ ಊಟಕ್ಕೆಂದು ಸುತ್ತಿಕೊಟ್ಟಿದ್ದ ಟವೆಲನ್ನು ಬಿಚ್ಚಿ ತೊಡೆಯ ಮೇಲೆ ಹಾಸಿಕೊಂಡರು. ಬುತ್ತಿಯನ್ನು ನನ್ನ ಕೈಗೆ ಕೊಟ್ಟರು. ಭೂತಕನ್ನಡಿ ಕಣ್ಣಿಗೇರಿತು.

"ಪೆನ್ ಸ್ಟೇಷನ್ನಿಗೆ ಎಷ್ಟು ಹೊತ್ತು?"

"ನಲವತ್ತು ನಿಮಿಷ."

"ಸಾಕು. ಮಾತಾಡಿಸ್ಬೇಡಿ."

ಆ ನಲವತ್ತು ನಿಮಿಷವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಇಪ್ಪತ್ತಮೂರನ್ನೂ ಟವೆಲಿನ ಮೇಲೆ ಸಹಿಯ ಮುಖ ಮೇಲಾಗಿ ಸುರಿದುಕೊಂಡರು. ಮೊದಲು ಮೂರು ಗುಂಪು: ಇದು ಒಂದನೇ ಅಚ್ಚು, ಇದು ಎರಡನೇದು, ಇದು ಎಲೆಯ ಗುರುತಿನದು. ಅದಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ. ಆಮೇಲೆ ಒಂದೊಂದೇ ನಾಣ್ಯವನ್ನು ಕಣ್ಣಿಗೆ ಹಿಡಿದು, ಹೆಬ್ಬೆರಳ ಉಗುರನ್ನು ಗೆರೆಯ ಮೇಲೆ ಎಳೆದು, ಎರಡನ್ನು ಪಕ್ಕಪಕ್ಕ ಹಿಡಿದು, ಗುಳಿಗೆ ಇಳಿಸಿದರು. ರಾವೇ ಬಂತು, ಲಿಂಡೆನ್ ಬಂತು. ಕಂಡಕ್ಟರ್ ಟಿಕೆಟ್ ಕೇಳಿದ. ನಾನು ಎರಡೂ ತೋರಿಸಿದೆ, ಅವನು ಟವೆಲನ್ನು ನೋಡಿ ಹುಬ್ಬು ಹಾರಿಸಿ ಮುಂದೆ ಹೋದ. ಎಲಿಜಬೆತ್ತಿನ ಬಳಿ ಬೋಗಿ ಒಮ್ಮೆ ಜಗ್ಗಿತು, ನಾನು ಎರಡೂ ಕೈಯಿಂದ ಟವೆಲಿನ ಅಂಚು ಹಿಡಿದೆ. ಅವರು ತಲೆಯೆತ್ತಲಿಲ್ಲ. ನ್ಯೂಅರ್ಕ್ ಬರುವ ಹೊತ್ತಿಗೆ ಎರಡು ಸಾಲು ತುಂಬಿ, ಮೂರನೆಯದರ ಎಂಟು ನಾಣ್ಯ ಮಾತ್ರ ಉಳಿದವು.

ನಾನು ಕೆಲಸವಿಲ್ಲದೆ, ಇಳಿದ ನಾಣ್ಯವನ್ನು ತಿರುಗಿಸಿ ವರ್ಷ ನೋಡಿ, ಗುಳಿಯ ಪಕ್ಕದಲ್ಲಿ ಅದರ ಚೀಟಿಯನ್ನು ಸಿಕ್ಕಿಸುತ್ತ ಹೋದೆ. ಮೂರನೆಯ ಸಾಲು. 1310. 1310. 1311. 1311. ಆಮೇಲೆ ಅವರು ಇಳಿಸಿದ್ದು ಆ ಖೋಟಾ ಎನಿಸಿಕೊಂಡ ನಾಣ್ಯ. ಅದರ ಚೀಟಿ ನೋಡಿದೆ. 1309. ಅದರ ಪಕ್ಕಕ್ಕೆ ಮತ್ತೆ 1311 ಇಟ್ಟರು. ಆಮೇಲೆ 1312, 1312.

"ಈಶಣ್ಣ, ಇದು ತಪ್ಪಾಯ್ತು," ಎಂದೆ. "ಇದು 1309. ಎಲ್ಲಕ್ಕಿಂತ ಮೊದಲು ಬರಬೇಕು. ನೀವು 1311ರ ಮಧ್ಯೆ ಇಟ್ಟಿದೀರ."

"ತಪ್ಪಿಲ್ಲ."

"ವರ್ಷ ಬರೆದಿದೆ ನೋಡಿ!"

"ವರ್ಷ ಆ ಕಡೆ ಮುಖದ್ದು. ನಾನು ನೋಡ್ತಿರೋದು ಈ ಕಡೆ ಮುಖ." ಭೂತಕನ್ನಡಿ ತೆಗೆದು ನನ್ನ ಕಣ್ಣಿಗೆ ಸಿಕ್ಕಿಸಿದರು. "ಇದ್ರ ಹಿಂದ್ಲ ನಾಣ್ಯ ನೋಡಿ, ಬಿರುಕು ಎಲೆ ತೊಟ್ಟಿಗೆ ನಿಂತದೆ. ಇದ್ರಲ್ಲಿ ತೊಟ್ಟು ದಾಟದೆ. ಮುಂದ್ಲುದ್ರಲ್ಲಿ ಎಲೆನೇ ಸೀಳದೆ. ಬಿರುಕು ಬೆಳೀತದೆ ತಾಯಿ, ವಾಪಸ್ ಹೋಗಾಕಿಲ್ಲ. ಈ ನಾಣ್ಯ ಹುಟ್ಟಿದ್ದು ಇವೆರಡ್ರ ಮಧ್ಯೆ."

ನೋಡಿದೆ. ತೊಟ್ಟು. ತೊಟ್ಟಿನಾಚೆ. ಸೀಳಿದ ಎಲೆ.

"ಹಾಗಾದ್ರೆ 1311ರಲ್ಲಿ ಹೊಡೆದ ನಾಣ್ಯದ ಮೇಲೆ 1309 ಯಾಕಿದೆ?"

"ಅಷ್ಟೇನಾ ಅವ್ರು ವರ್ಷ ತಪ್ಪು ಅಂದಿದ್ದು?" ಈಶಣ್ಣ ಮೊದಲ ಸಲ ತಲೆಯೆತ್ತಿದರು. "ಅಯ್ಯೋ, ಇದ್ಯಾವ ದೊಡ್ಡ ವಿಷ್ಯ! ವರ್ಷದ ಅಚ್ಚು ಒಡೆದೋಗದೆ. ಹೊಸದು ಕೊರೆದಿಲ್ಲ. ಹೊರ್ಗಡೆ ಯಾರೋ ನಿಂತು ಬೇಗ ಬೇಗ ಅಂತವ್ನೆ. ಪೆಟ್ಟಿಗೇಲಿದ್ದ ಹಳೇ ಅಚ್ಚು ತಗ್ದು ಹೊಡ್ದವ್ನೆ. ನಮ್ಮಪ್ಪನೂ ಮಾಡೋರು. ಮದುವೆ ತಿಂಗಳಲ್ಲಿ ಕಾಸಿನ ಹಿಂದ್ಲ ಅಚ್ಚು ಒಡೆದ್ರೆ ತಾತನ ಕಾಲದ್ದು ತೆಗೆಯೋರು. ಯಾರು ತಿರುಗಿಸಿ ನೋಡ್ತಾರೆ?"

ನಾನು ಬೋಗಿಯಲ್ಲಿ ಕಿರುಚಿಬಿಟ್ಟೆ. ಆಚೆ ಸೀಟಿನ ಹೆಂಗಸು ಹೆಡ್‌ಫೋನ್ ತೆಗೆದು ನೋಡಿದಳು. ಮತ್ತೇನು ಮಾಡಲಿ! ಒಂದು ವರ್ಷದಿಂದ ಕೆಸ್ಲರರ ಹತ್ತಿರ ವರ್ಷ ಇತ್ತು, ಈಶಣ್ಣನ ಹತ್ತಿರ ಬಿರುಕು ಇತ್ತು, ಎರಡನ್ನೂ ಯಾರೊಬ್ಬರೂ ಒಟ್ಟಿಗೆ ನೋಡಿರಲಿಲ್ಲ. ಎಲೆಯ ಗುರುತಿನ ಅಚ್ಚು 1310ಕ್ಕಿಂತ ಮೊದಲು ಇರಲೇ ಇಲ್ಲ, ಆದ್ದರಿಂದ 1309 ಖೋಟಾ ಎಂಬುದಿರಬೇಕು ಅವರ ವಾದ. ಬಿರುಕು ಅದಕ್ಕೆ ನೇರ ಉತ್ತರ ಕೊಡುತ್ತಿತ್ತು. ಸಾಚಾ ನಾಣ್ಯವೊಂದರ ಪಡಿಯಚ್ಚು ತೆಗೆದು ಎರಕ ಹೊಯ್ದವನಿಗೆ ಆ ನಾಣ್ಯದಲ್ಲಿದ್ದಷ್ಟೇ ಉದ್ದದ ಬಿರುಕು ಸಿಗುತ್ತದೆ. ಎರಡು ಸಾಚಾ ನಾಣ್ಯಗಳ ನಡುವಿನ ಉದ್ದ ಅವನಿಗೆ ಎಲ್ಲಿಂದ ಬರಬೇಕು? ಪೆನ್ ಸ್ಟೇಷನ್ನಿನ ಮೆಟ್ಟಿಲನ್ನು ಈಶಣ್ಣ ನನಗಿಂತ ಬೇಗ ಹತ್ತಿದರು. ಬುತ್ತಿ ಬಿಚ್ಚುವುದು ಇಬ್ಬರಿಗೂ ನೆನಪಾಗಲಿಲ್ಲ.

ಕೂಟದ ಕೋಣೆಯಲ್ಲಿ ಉದ್ದ ಮೇಜು, ಎಂಟು ಹತ್ತು ಜನ. ಕೆಸ್ಲರ್ ಎಪ್ಪತ್ತು ದಾಟಿದ, ತೆಳ್ಳಗೆ ಬಾಗಿದ ಮನುಷ್ಯ. ನಾನು ಬೈಯಲು ಸಿದ್ಧವಾಗಿ ಹೋಗಿದ್ದೆ. ಅವರು ಎದ್ದು ಬಂದು ಈಶಣ್ಣನ ಕೋಟನ್ನು ತಾವೇ ತೆಗೆದುಕೊಂಡು ಗೂಟಕ್ಕೆ ಹಾಕಿದ್ದರಿಂದ ನನ್ನ ಅರ್ಧ ಸಿಟ್ಟು ಅಲ್ಲೇ ವ್ಯರ್ಥವಾಯಿತು. ನಾನು ರೈಲಿನಲ್ಲಿ ಕೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವರು ಅಡ್ಡಮಾತಾಡದೆ ಕೇಳಿ, ಮೂರನೆಯ ಸಾಲಿನ ನಾಲ್ಕು, ಐದು, ಆರನೆಯ ನಾಣ್ಯಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಬಿರುಕನ್ನು ಅಳೆದರು. ನಾಲ್ಕು ಪಾಯಿಂಟ್ ಎರಡು ಮಿಲಿಮೀಟರ್. ಐದು ಪಾಯಿಂಟ್ ಒಂದು. ಆರು ಪಾಯಿಂಟ್ ಮೂರು. ಅಂಕಿಗಳನ್ನು ಕಾರ್ಯದರ್ಶಿ ಗಟ್ಟಿಯಾಗಿ ಓದಿ ಬರೆದುಕೊಂಡ.

"ಎರಕವಲ್ಲ, ಒಪ್ಪುತ್ತೇನೆ," ಎಂದರು ಕೆಸ್ಲರ್. "ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಒಳ್ಳೆಯ ಕಸುಬುದಾರನೊಬ್ಬ ಹೊಸ ಅಚ್ಚನ್ನೇ ಕೊರೆದು, ಅದರಲ್ಲಿ ಇಂಥ ಬಿರುಕನ್ನೂ ಕೊರೆಯಬಹುದಲ್ಲವೇ? ಅವರನ್ನು ಕೇಳಿ."

ಕೇಳಲು ನನಗೆ ಇಷ್ಟವಿರಲಿಲ್ಲ. ಕೇಳಿದೆ.

"ಕೊರೀಬೋದು," ಎಂದರು ಈಶಣ್ಣ. "ನಾನೇ ಕೊರೀತೀನಿ."

"ಈಶಣ್ಣ, ಇದನ್ನ ನಾನು ಹೇಳಲ್ಲ," ಎಂದೆ ಹಲ್ಲು ಕಚ್ಚಿ.

"ಹೇಳಿ ತಾಯಿ. ನಿಜ ತಾನೆ."

ಹೇಳಿದೆ. ಮೇಜಿನ ಸುತ್ತ ಯಾರೋ ಕೆಮ್ಮಿದರು. ಕಾರ್ಯದರ್ಶಿ ಪೆನ್ನು ಕೆಳಗಿಟ್ಟ.

ಈಶಣ್ಣ ಎದ್ದು ನಿಂತರು. ಜೇಬಿನಿಂದ ಒಂದು ಚಿಕ್ಕ ಉಳಿ ತೆಗೆದು, ತಮ್ಮ ಕೀ ಗೊಂಚಲಿನಲ್ಲಿದ್ದ ಹಿತ್ತಾಳೆಯ ಬಿಲ್ಲೆಯನ್ನು ಮೇಜಿಗೆ ಒತ್ತಿ ಹಿಡಿದು, ಎಲ್ಲರೂ ನೋಡುತ್ತಿದ್ದಂತೆ ಒಂದು ಅಡ್ಡಾದಿಡ್ಡಿ ಗೆರೆ ಕೊರೆದರು. ಬಿರುಕಿನ ಹಾಗೆಯೇ ಇತ್ತು. ಅದನ್ನು ಕೆಸ್ಲರರ ಸೂಕ್ಷ್ಮದರ್ಶಕದ ಕೆಳಗೆ ತಳ್ಳಿದರು.

"ನೋಡಾಕೆ ಹೇಳಿ. ಉಳಿ ಹೋದ ಗೆರೆಗೆ ತಳ ಇರ್ತದೆ, ನುಣ್ಣಗೆ, ಹೆಜ್ಜೆ ಹೆಜ್ಜೆ ಗುರುತು. ಎಷ್ಟು ದೊಡ್ಡ ಕಸುಬುದಾರ ಆದ್ರೂ ಬಿಡ್ತದೆ. ಅಚ್ಚಲ್ಲಿ ತಳ ಇದ್ರೆ ನಾಣ್ಯದ ಮ್ಯಾಲೆ ಗೆರೆ ನೆತ್ತಿ ಚಪ್ಪಟೆ ಬೀಳ್ತದೆ. ಉಕ್ಕು ತಾನಾಗೇ ಸೀಳಿದ್ರೆ ತಳನೇ ಇರಾಕಿಲ್ಲ, ನಾಣ್ಯದ ಮ್ಯಾಲೆ ಅಲಗಿನಂಗೆ ಚೂಪಾಗಿ ಏಳ್ತದೆ. ಈ ನಾಣ್ಯ ನಾನು ಮಾಡಿದ್ರೆ..." ಅವರ ದನಿ ಏರಿತು, "ನಾನು ಮಾಡಿದ್ರೆ ಇದಕ್ಕಿಂತ ಚಂದ ಇರೋದು ಅಂತ ಹೇಳಿ. ಆ ಎಲೆ ತೊಟ್ಟು ಸೊಟ್ಟ ಕೊರೆದವ್ನೆ ಅವ್ನು. ನಮ್ಮಪ್ಪ ಆಗಿದ್ರೆ ಕಪಾಳಕ್ಕೆ ಬಿಗಿಯೋರು!"

ಅದನ್ನೂ ಪದಬಿಡದೆ ಹೇಳಿದೆ, ಕಪಾಳವನ್ನೂ ಸೇರಿಸಿ. ಯಾರೂ ನಗಲಿಲ್ಲ. ಕೆಸ್ಲರ್ ಬಿಲ್ಲೆಯನ್ನು ನೋಡಿದರು, ನಾಣ್ಯವನ್ನು ನೋಡಿದರು, ಮತ್ತೆ ಬಿಲ್ಲೆಯನ್ನು. ಎಷ್ಟು ಹೊತ್ತು ನೋಡಿದರೆಂದರೆ ನಮಗೆ ಕೊಟ್ಟಿದ್ದ ಹತ್ತು ನಿಮಿಷ ಎಂದೋ ಮುಗಿದಿತ್ತು. ಕಡೆಗೆ ನಾವು ತಂದಿದ್ದ ಆ ಲಕೋಟೆಯನ್ನು ಎಳೆದುಕೊಂಡು, ತಾವೇ ಬರೆದಿದ್ದ ಪದವನ್ನು ರಬ್ಬರಿನಿಂದ ಉಜ್ಜಿ ಅಳಿಸಿದರು. ಎದ್ದು ಈಶಣ್ಣನ ಕಡೆ ತಿರುಗಿ, "ನಾನು ತಪ್ಪು ಮಾಡಿದೆ. ನಾಣ್ಯದ ವಿಷಯದಲ್ಲೂ, ನಿಮ್ಮ ವಿಷಯದಲ್ಲೂ," ಎಂದರು.

ಈಶಣ್ಣ ನನ್ನ ಮುಖ ನೋಡಿದರು. ಅದನ್ನು ಕನ್ನಡದಲ್ಲಿ ಹೇಳಿದೆ. ಅವರು ಕೈಮುಗಿದರು. ಕಣ್ಣು ತುಂಬಿದ್ದನ್ನು ಭೂತಕನ್ನಡಿ ಒರೆಸುವ ನೆಪದಲ್ಲಿ ಒರೆಸಿಕೊಂಡರು.

ತಟ್ಟೆ ಪ್ರದರ್ಶನದ ಗಾಜಿನ ಪೆಟ್ಟಿಗೆಗೆ ಹೋಯಿತು, ಇಪ್ಪತ್ತಮೂರೂ ನಾಣ್ಯ, ಅವರ ಜೋಡಣೆಯಲ್ಲೇ, ನನ್ನ ಚೀಟಿಗಳ ಜೊತೆ. ಜನ ಒಬ್ಬೊಬ್ಬರಾಗಿ ಕೈಕುಲುಕಿ ಚದುರಿದರು. ನಾವು ಹೊರಡಲು ಎದ್ದಾಗ ಕೆಸ್ಲರ್ ಬೀರುವಿನಿಂದ ಒಂದು ರಟ್ಟಿನ ಪೆಟ್ಟಿಗೆ ತಂದರು. ಒಳಗೆ ಏಳು ಲಕೋಟೆ. ಓಂದುರ್ಮಾನಿನ ನಾಣ್ಯಗಳು, ಮೂವತ್ತು ವರ್ಷದಲ್ಲಿ ಅವರು ಖೋಟಾ ಎಂದು ಬದಿಗಿಟ್ಟವು. ಇವರಿಗೆ ಸಮಯವಿದ್ದರೆ ಒಮ್ಮೆ ನೋಡುತ್ತಾರೆಯೇ ಎಂದು ನನ್ನನ್ನು ಕೇಳಿದರು. ನಾನು ಅನುವಾದಿಸುವ ಮೊದಲೇ ಈಶಣ್ಣ ಕುಳಿತು ದೀಪವನ್ನು ಹತ್ತಿರ ಎಳೆದುಕೊಂಡಾಗಿತ್ತು.

ಮೊದಲನೆಯದನ್ನು ಹಿಡಿದು ತಿರುಗಿಸಿದರು. "ನೋ ಗುಡ್," ಎಂದರು. ಕೆಸ್ಲರ್ ಪುಸ್ತಕದಲ್ಲಿ ಬರೆದುಕೊಂಡರು. ಎರಡನೆಯದು. "ಗುಡ್." ಬರೆದುಕೊಂಡರು. ಒಂದು ಮಾತು ಕೇಳಲಿಲ್ಲ, ನಾಣ್ಯದ ಕಡೆ ನೋಡಲೂ ಇಲ್ಲ. ಇವರ ಬಾಯಿಯನ್ನೇ ನೋಡುತ್ತಿದ್ದರು. ಬೆಳಿಗ್ಗೆವರೆಗೆ ಕಳ್ಳ ಎನಿಸಿಕೊಂಡಿದ್ದವರ ಮಾತು ಈಗ ಹೀಗೆ ಪುಸ್ತಕಕ್ಕೆ ಇಳಿಯುತ್ತಿತ್ತು. ನನಗಂತೂ ಮೇಜಿನ ಮೇಲೆ ಹತ್ತಿ ಕುಣಿಯಬೇಕು ಎನಿಸಿತು. ಮೂರನೆಯದಕ್ಕೂ ಕೆಸ್ಲರ್ ಹಾಗೆಯೇ ಪೆನ್ಸಿಲ್ ಹಿಡಿದು ಕಾದರು.

ಈಶಣ್ಣ ನಾಣ್ಯವನ್ನು ಕೆಳಗಿಟ್ಟು, ಭೂತಕನ್ನಡಿ ಕಳಚಿ, ನನ್ನ ಕಡೆ ತಿರುಗಿದರು. ಮುಖ ಗಂಟಿಕ್ಕಿತ್ತು.

"ಗಾರ್ಗಿಯಮ್ಮ, ಇವ್ರು ಯಾಕೆ ಅಂತ ಕೇಳ್ತಾನೇ ಇಲ್ವಲ್ಲ! ಕೇಳಾಕೆ ಹೇಳಿ. ಆಚಾರ್ರು ಹೇಳಿದ್ರು ಅಂತ ಬರ್ಕೊಬಾರ್ದು. ಎದುರ್ಗೆ ಕೂತ್ಕೊಂಡು, ಕಣ್ಣಾರೆ ನೋಡಿ, ಆಮೇಲೆ ಬರ್ಕೊಬೇಕು."

ನಾನು ಹೇಳಿದೆ. ಕೆಸ್ಲರ್ ಪೆನ್ಸಿಲನ್ನು ಕೆಳಗಿಟ್ಟರು. ಮೇಜು ಸುತ್ತಿ ಬಂದು, ಕುರ್ಚಿಯನ್ನು ಈಶಣ್ಣನ ಪಕ್ಕಕ್ಕೆ ಎಳೆದು ಕುಳಿತು, ಭೂತಕನ್ನಡಿಗಾಗಿ ಕೈ ಚಾಚಿದರು.